ಜರ್ಮನಿಯ ವಿದ್ಯಾರ್ಥಿನಿ ನಮ್ಮ ಮನೆಯಲ್ಲಿದ್ದಾಳೆ: ದಿನನಿತ್ಯದ ಕೆಲವು ಗೊಂದಲಗಳಿಗೆ ಅನುಭವಸ್ಥರ ಸಲಹೆ ಬೇಕು

ಪ್ರಶ್ನೆ
ಬರೆದವರು: ವಿದ್ಯಾನಗರದ ಗೃಹಿಣಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯ ವಿದ್ಯಾನಗರದವರು. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆಯವರು ಮತ್ತು ಪ್ರಥಮ ಪಿಯುಸಿ ಓದುತ್ತಿರುವ ಮಗಳು ಇದ್ದೇವೆ. ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮವೊಂದರ ಮೂಲಕ ಜರ್ಮನಿಯ ಹದಿನಾರು ವರ್ಷದ ಹುಡುಗಿಯೊಬ್ಬಳು ಈ ಶೈಕ್ಷಣಿಕ ವರ್ಷವನ್ನು ನಮ್ಮೂರಿನಲ್ಲಿ ಕಳೆಯಲು ಬಂದಿದ್ದಾಳೆ. ಮೊದಲ ಕೆಲವು ತಿಂಗಳು ನಮ್ಮ ಮನೆಯಲ್ಲಿ, ಆಮೇಲೆ ಇನ್ನೊಂದು ಮನೆಯಲ್ಲಿ ಇರುವಂತೆ ವ್ಯವಸ್ಥೆಯಾಗಿದೆ. ಇದಕ್ಕೆ ನಮಗೆ ಯಾರೂ ಹಣ ಕೊಡುವುದಿಲ್ಲ, ನಾವೂ ಅದನ್ನು ನಿರೀಕ್ಷಿಸಿ ಒಪ್ಪಿದವರಲ್ಲ. ಒಬ್ಬಳೇ ಬೆಳೆದ ಮಗಳಿಗೆ ಜೊತೆಗೊಬ್ಬಳು ಸಿಗಲಿ ಎಂಬ ಆಸೆಯೊಂದೇ ಇತ್ತು.

ಹುಡುಗಿ ಒಳ್ಳೆಯವಳು, ಮಾತು ಮೃದು, ಎದ್ದ ಕೂಡಲೇ ಹಾಸಿಗೆಯನ್ನು ತಾನೇ ಸರಿಮಾಡಿಡುತ್ತಾಳೆ. ಆದರೂ ಬಂದು ಕೆಲವು ವಾರಗಳಾಗಿದ್ದರೂ ಒಂದು ಬಗೆಯ ಬಿಗುವು ಮನೆಯಲ್ಲಿ ಉಳಿದುಕೊಂಡಿದೆ. ಊಟದ ಹೊತ್ತಿಗೆ ಅತ್ತೆಯವರು ಎರಡನೆಯ ರೊಟ್ಟಿ ಹಾಕಲು ಹೋದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಎನ್ನುತ್ತಾಳೆ. ಬಿಡದೆ ಹಾಕಿದರೆ ಮುಖ ಸಪ್ಪಗೆ ಮಾಡಿಕೊಂಡು ಕಷ್ಟಪಟ್ಟು ತಿಂದು ಮುಗಿಸುತ್ತಾಳೆ. ಹಾಕದೆ ಬಿಟ್ಟರೆ, ಪರದೇಶದ ಮಗು ಅರೆಹೊಟ್ಟೆಯಲ್ಲಿ ಮಲಗಿತಲ್ಲ ಎಂದು ಅತ್ತೆಯವರಿಗೆ ನಿದ್ದೆ ಹತ್ತುವುದಿಲ್ಲ. ಕಾಲೇಜಿನಿಂದ ಬಂದವಳೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತರೆ ಯಾರೋ ಯಾರ ಮೇಲೋ ಸಿಟ್ಟಾಗಿದ್ದಾರೆ ಎಂದೇ ಅರ್ಥ. ರಾತ್ರಿ ಹತ್ತು, ಹನ್ನೊಂದರವರೆಗೂ ಫೋನಿನಲ್ಲಿ ತಾಯಿಯ ಜೊತೆ ಮಾತು ನಡೆದಿರುತ್ತದೆ. ಊಟವಾದ ಮೇಲೆ ತನ್ನ ತಟ್ಟೆಯನ್ನು ತೊಳೆಯಲು ಸಿಂಕಿನ ಹತ್ತಿರ ಬಂದರೆ, ಅತಿಥಿಯ ಕೈಯಲ್ಲಿ ಮುಸುರೆ ತೊಳೆಸಬಾರದು ಎಂದು ಅತ್ತೆಯವರು ಕಸಿದುಕೊಳ್ಳುತ್ತಾರೆ. ಇದರ ಜೊತೆಗೆ ಸಂಜೆ ಒಬ್ಬಳೇ ಕುಂದುವಾಡ ಕೆರೆಯ ಕಡೆ ನಡೆದು ಬರುತ್ತೇನೆ ಎನ್ನುತ್ತಾಳೆ. ಕಳಿಸಲು ಭಯ, ಬೇಡವೆನ್ನಲು ಸಂಕೋಚ.

ನಮ್ಮ ಮನೆ ಆಕೆಗೆ ಹಿಡಿಸಿಲ್ಲವೇ, ಅಥವಾ ನಾವೇ ಇಲ್ಲದ್ದನ್ನು ಕಲ್ಪಿಸಿಕೊಳ್ಳುತ್ತಿದ್ದೇವೆಯೇ? ಇಂತಹ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡವರು ಅಥವಾ ಸ್ವತಃ ಬೇರೆ ದೇಶದಲ್ಲಿ ಒಂದು ಮನೆಯವರ ಜೊತೆ ಇದ್ದು ಬಂದವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1
ಬರೆದವರು: ಹದಡಿ ರಸ್ತೆ

ಅಕ್ಕ, ನಾನೂ ದಾವಣಗೆರೆಯವಳೇ. ಹೈಸ್ಕೂಲು ಮುಗಿಸಿದ ಮೇಲೆ ಇಂತಹುದೇ ಕಾರ್ಯಕ್ರಮದಲ್ಲಿ ಉತ್ತರ ಜರ್ಮನಿಯ ಸಣ್ಣ ಊರೊಂದರಲ್ಲಿ ಒಂದು ಕುಟುಂಬದ ಜೊತೆ ಒಂದು ವರ್ಷ ಇದ್ದೆ. ನೀವು ಬರೆದಿರುವುದನ್ನು ಓದಿದರೆ ನಿಮ್ಮ ಮನೆ ಆ ಹುಡುಗಿಗೆ ಹಿಡಿಸಿಲ್ಲ ಎಂದು ನನಗೆ ಖಂಡಿತ ಅನ್ನಿಸುವುದಿಲ್ಲ. ಅವಳು ತನ್ನ ಮನೆಯ ಮರ್ಯಾದೆಯನ್ನು ನಿಮ್ಮ ಮನೆಯಲ್ಲಿ ಪಾಲಿಸುತ್ತಿದ್ದಾಳೆ, ನೀವು ನಿಮ್ಮ ಮರ್ಯಾದೆಯನ್ನು ಪಾಲಿಸುತ್ತಿದ್ದೀರಿ. ಎರಡೂ ಕಡೆಯವರು ಬಾಯಿ ಬಿಟ್ಟು ಕೇಳುತ್ತಿಲ್ಲ, ಅಷ್ಟೇ.

ಊಟದಿಂದಲೇ ಆರಂಭಿಸುತ್ತೇನೆ. ಅಲ್ಲಿ ಬಡಿಸುವ ಪದ್ಧತಿ ಇಲ್ಲ. ಪಾತ್ರೆಗಳನ್ನು ಮೇಜಿನ ನಡುವೆ ಇಡುತ್ತಾರೆ, ಅವರವರಿಗೆ ಬೇಕಾದಷ್ಟನ್ನು ಅವರವರೇ ಹಾಕಿಕೊಳ್ಳುತ್ತಾರೆ. ಹಾಕಿಕೊಂಡ ಮೇಲೆ ತಟ್ಟೆಯಲ್ಲಿ ಬಿಡುವುದು ಒಳ್ಳೆಯ ನಡತೆಯಲ್ಲ ಎಂದು ಮಕ್ಕಳಿಗೆ ಮೊದಲಿನಿಂದಲೂ ಹೇಳಿರುತ್ತಾರೆ. ನಾನಿದ್ದ ಮನೆಯ ತಾಯಿ ಆಲೂಗಡ್ಡೆಯ ಬಟ್ಟಲನ್ನು ನನ್ನ ಕಡೆ ಸರಿಸಿ ಇನ್ನೂ ಬೇಕೇ ಎಂದು ಒಂದೇ ಒಂದು ಸಲ ಕೇಳುತ್ತಿದ್ದರು. ಬೇಡ ಎಂದರೆ ಬಟ್ಟಲು ಮುಂದಿನವರ ಕಡೆ ಹೋಗುತ್ತಿತ್ತು, ಮತ್ತೆ ತಿರುಗಿ ಬರುತ್ತಿರಲಿಲ್ಲ. ನಮ್ಮ ಕಡೆ ಮೊದಲ ಸಲ ಬೇಡ ಎನ್ನುವುದು ಉಪಚಾರಕ್ಕೆ, ಎರಡನೆಯ ಸಲ ಬೇಡ ಎನ್ನುವುದು ಅಭ್ಯಾಸಕ್ಕೆ, ಮೂರನೆಯ ಸಲವೂ ಬೇಡ ಎಂದರೆ ಮಾತ್ರ ನಿಜವಾಗಿ ಬೇಡ ಎಂದು ಲೆಕ್ಕ. ಅವಳಿಗೆ ಈ ಲೆಕ್ಕ ಗೊತ್ತಿಲ್ಲ. ಅವಳು ಸಾಕು ಎಂದಾಗ ನಿಜವಾಗಿಯೂ ಹೊಟ್ಟೆ ತುಂಬಿರುತ್ತದೆ. ನೀವು ಹಾಕಿಬಿಟ್ಟ ರೊಟ್ಟಿಯನ್ನು ಬಿಡುವುದು ತಪ್ಪು ಎಂಬ ಕಾರಣಕ್ಕೆ ತಿನ್ನುತ್ತಾಳೆ. ರೊಟ್ಟಿಯ ಹಾಟ್‌ಬಾಕ್ಸನ್ನೂ ಪಲ್ಯದ ಬೋಗುಣಿಯನ್ನೂ ಎಲ್ಲರ ನಡುವೆ ಇಟ್ಟು, ಬೇಕಾದಾಗ ನೀನೇ ತೆಗೆದುಕೊಳ್ಳಬೇಕು, ಇಲ್ಲಿ ಯಾರನ್ನೂ ಕೇಳಬೇಕಾಗಿಲ್ಲ ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿನೋಡಿ.

ಹೊತ್ತಿನ ವ್ಯತ್ಯಾಸವೂ ಇದೆ. ಅಲ್ಲಿ ಬಹಳ ಮನೆಗಳಲ್ಲಿ ಬಿಸಿ ಅಡುಗೆ ಮಧ್ಯಾಹ್ನಕ್ಕೆ ಮಾತ್ರ. ಸಂಜೆ ಆರು, ಏಳು ಗಂಟೆಗೆಲ್ಲ ಬ್ರೆಡ್ಡು, ಚೀಸು, ಹೆಚ್ಚಿದ ಸೌತೆಕಾಯಿ, ಟೊಮೆಟೊ ಇಷ್ಟನ್ನು ತಿಂದು ಊಟ ಮುಗಿಸುತ್ತಾರೆ. ರಾತ್ರಿ ಒಂಬತ್ತೂವರೆಗೆ ರೊಟ್ಟಿ, ಎಣ್ಣೆಗಾಯಿ, ಮೇಲೆ ಅನ್ನ ಸಾರು, ಮಜ್ಜಿಗೆ ಎಂದರೆ ಅಂತಹ ಹೊಟ್ಟೆಗೆ ಭಾರವಾಗುವುದು ಸಹಜ. ಸಂಜೆ ಐದರ ಹೊತ್ತಿಗೆ ಉಪ್ಪಿಟ್ಟೋ ಅವಲಕ್ಕಿಯೋ ಕೊಟ್ಟು, ರಾತ್ರಿ ಅವಳು ಎಷ್ಟು ತಿನ್ನುತ್ತಾಳೋ ಅಷ್ಟಕ್ಕೆ ಬಿಟ್ಟುಬಿಡಿ.

ಇನ್ನು ಬಾಗಿಲು. ಅಲ್ಲಿನ ಮನೆಗಳಲ್ಲಿ ಒಳಬಾಗಿಲುಗಳನ್ನು ಹಾಕಿಯೇ ಇಡುತ್ತಾರೆ, ಚಳಿಗಾಲದಲ್ಲಂತೂ ಒಂದೊಂದು ಕೋಣೆಯನ್ನೂ ಬೇರೆಬೇರೆಯಾಗಿ ಬೆಚ್ಚಗಿಡುವುದರಿಂದ ಬಾಗಿಲು ತೆರೆದಿಟ್ಟವರಿಗೆ ಬೈಗುಳವೇ ಬೀಳುತ್ತದೆ. ತಟ್ಟಿ, ಒಳಗಿನಿಂದ ಉತ್ತರ ಬಂದ ಮೇಲೆ ಹೋಗುವುದು ತಂದೆ, ತಾಯಿಗೂ ಅನ್ವಯಿಸುವ ನಿಯಮ. ಮುಚ್ಚಿದ ಬಾಗಿಲಿನಲ್ಲಿ ಸಿಟ್ಟೇನೂ ಇಲ್ಲ. ಇದಕ್ಕಿಂತ ದೊಡ್ಡ ಕಾರಣವೊಂದಿದೆ: ಇಡೀ ದಿನ ಅರ್ಧಂಬರ್ಧ ಗೊತ್ತಿರುವ ಭಾಷೆಗಳನ್ನು ಕೇಳುತ್ತಾ ಕೂರುವುದು ಎಷ್ಟು ದಣಿಸುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ತರಗತಿಯಲ್ಲಿ ಇಂಗ್ಲಿಷು, ಕಾರಿಡಾರಿನಲ್ಲಿ ಕನ್ನಡ, ಎರಡೂ ಅವಳ ಮನೆಮಾತಲ್ಲ. ಕಾಲೇಜಿನಿಂದ ಬಂದ ಮೇಲೆ ಒಂದು ಗಂಟೆ ಅವಳನ್ನು ಅವಳ ಪಾಡಿಗೆ ಬಿಟ್ಟರೆ ಆಮೇಲೆ ತಾನಾಗಿಯೇ ಹೊರಗೆ ಬರುತ್ತಾಳೆ.

ಕೆಲಸದ ವಿಷಯದಲ್ಲಿ ಮಾತ್ರ ನಾನು ಅಜ್ಜಿಯವರ ವಿರುದ್ಧ ವಾದಿಸುತ್ತೇನೆ. ನನಗೆ ಆ ಮನೆಯಲ್ಲಿ ಕೊಟ್ಟಿದ್ದ ಕೆಲಸ ಎರಡು. ಕಾಗದ, ಪ್ಯಾಕಿಂಗ್ ಕವರು, ಅಡುಗೆಮನೆಯ ಹಸಿ ಕಸ, ಉಳಿದ ಕಸ ಎಂದು ಬೇರೆಬೇರೆ ಡಬ್ಬಿಗಳಿಗೆ ಹಾಕಿ, ಯಾವ ದಿನ ಯಾವ ಡಬ್ಬಿಯ ಗಾಡಿ ಬರುತ್ತದೆಂದು ನೋಡಿ ಹೊರಗಿಡುವುದು ಒಂದು. ಖಾಲಿಯಾದ ನೀರಿನ ಬಾಟಲಿಗಳನ್ನು ಅಂಗಡಿಯ ಯಂತ್ರಕ್ಕೆ ಹಾಕಿ ಠೇವಣಿ ಹಣ ವಾಪಸು ತರುವುದು ಇನ್ನೊಂದು. ಒಮ್ಮೆ ಮಾತ್ರ ಬಳಸುವ ಬಗೆಯ ಪ್ಲಾಸ್ಟಿಕ್ ಬಾಟಲಿಯೊಂದಕ್ಕೆ 25 ಸೆಂಟ್ ಬರುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಇದನ್ನು ಶನಿವಾರವೇ ಮುಗಿಸಬೇಕಿತ್ತು. ಕೆಲಸ ಸಣ್ಣದೇ, ಆದರೆ ಅದು ನನ್ನ ಪಾಲಿಗೆ ಬಂದ ವಾರದಿಂದಲೇ ಆ ಮನೆಯ ಫ್ರಿಜ್ಜನ್ನು ಕೇಳದೆ ತೆರೆಯುವ ಧೈರ್ಯ ನನಗೆ ಬಂತು. ತಟ್ಟೆ ಕಸಿದುಕೊಂಡರೆ, ನೀನು ಇಲ್ಲಿ ನೆಂಟಳು, ಸ್ವಲ್ಪ ದಿನ ಇದ್ದು ಹೋಗುವವಳು ಎಂದು ಹೇಳಿದಂತೆ ಆಗುತ್ತದೆ. ನಿಮ್ಮ ಮಗಳು ಮಾಡುವ ಕೆಲಸದಲ್ಲಿ ಸರಿಪಾಲು ಕೊಡಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಒಂದು ಉಪಯುಕ್ತ ಸಾಧನ ಹೇಳುತ್ತೇನೆ. ರೋಟರಿಯ ಯುವ ವಿನಿಮಯ ಕಾರ್ಯಕ್ರಮದಲ್ಲಿ ‘ಮೊದಲ ರಾತ್ರಿಯ ಪ್ರಶ್ನೆಗಳು’ ಎಂಬ ಪಟ್ಟಿಯೊಂದು ಬಹಳ ಕಾಲದಿಂದ ಬಳಕೆಯಲ್ಲಿದ್ದು, ಹಲವು ಭಾಷೆಗಳಲ್ಲಿ ಸಿಗುತ್ತದೆ. ನಿಮ್ಮನ್ನು ಏನೆಂದು ಕರೆಯಲಿ, ಮೈಲಿಗೆ ಬಟ್ಟೆಯನ್ನು ಎಲ್ಲಿ ಹಾಕಲಿ, ಬೆಳಿಗ್ಗೆ ಬಚ್ಚಲುಮನೆಯನ್ನು ಯಾವ ಹೊತ್ತಿಗೆ ಬಳಸಲಿ, ಹಸಿವಾದರೆ ಕೇಳದೆ ತೆಗೆದುಕೊಳ್ಳಬಹುದೇ, ಮನೆಯಲ್ಲಿ ನಾನು ಹೋಗಬಾರದ ಜಾಗ ಯಾವುದು, ಸಂಜೆ ಎಷ್ಟು ಗಂಟೆಯೊಳಗೆ ಮನೆಯಲ್ಲಿರಬೇಕು, ಗೋಡೆಗೆ ಚಿತ್ರ ಅಂಟಿಸಬಹುದೇ, ನಿಮ್ಮೆಲ್ಲರ ಹುಟ್ಟುಹಬ್ಬ ಯಾವತ್ತು, ಇಂತಹ ಪ್ರಶ್ನೆಗಳೇ ಅದರಲ್ಲಿವೆ. ಮೊದಲ ರಾತ್ರಿ ದಾಟಿದ್ದರೂ ಅಡ್ಡಿಯಿಲ್ಲ, ಒಂದು ಭಾನುವಾರ ಎಲ್ಲರೂ ಕೂತು ಒಂದೊಂದನ್ನೇ ಓದಿ ಉತ್ತರಿಸಿ. ಅತ್ತೆಯವರೂ ಅಲ್ಲಿರಬೇಕು.

ರಾತ್ರಿಯ ಫೋನಿನ ಗುಟ್ಟು ಗಡಿಯಾರದಲ್ಲಿದೆ. ಈಗ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದಿದೆ. ಅಕ್ಟೋಬರ್ ಕೊನೆಯ ಭಾನುವಾರದಿಂದ ಅದು ನಾಲ್ಕೂವರೆ ಗಂಟೆಯಾಗುತ್ತದೆ. ಇಲ್ಲಿ ಅವಳು ಐದಕ್ಕೆ ಮನೆಗೆ ಬಂದಾಗ ಅಲ್ಲಿ ಮಧ್ಯಾಹ್ನ ಒಂದೂವರೆ, ತಾಯಿ ಕೆಲಸದಲ್ಲಿರುತ್ತಾರೆ. ಅವರು ಮನೆಗೆ ಬರುವ ಹೊತ್ತಿಗೆ ನಿಮಗೆ ರಾತ್ರಿಯಾಗಿರುತ್ತದೆ. ದಿನವೂ ಬೇಡ, ವಾರಾಂತ್ಯಕ್ಕೆ ನಿಧಾನವಾಗಿ ಮಾತಾಡು ಎಂದು ಸಂಸ್ಥೆಯವರೇ ಸಾಮಾನ್ಯವಾಗಿ ಹೇಳುತ್ತಾರೆ. ಅದನ್ನು ನೀವು ಹೇಳುವುದಕ್ಕಿಂತ ಊರಿನ ಸಂಯೋಜಕರಿಂದ ಹೇಳಿಸುವುದು ಲೇಸು.

ಉತ್ತರ 2
ಬರೆದವರು: ದುರ್ಗದ ನಿವೃತ್ತ ಮೇಷ್ಟ್ರು, ಚಿತ್ರದುರ್ಗ

ತಂಗ್ಯಮ್ಮ, ನಮ್ಮ ಮನೆಯಲ್ಲಿ ಇಟಲಿಯ ಹುಡುಗನೊಬ್ಬ ಇದ್ದ. ಮೇಲಿನ ಉತ್ತರದ ಬಹುಪಾಲಿಗೆ ನನ್ನ ಸಹಮತವಿದೆ. ಗಂಡುಹುಡುಗನಾದ್ದರಿಂದ ನಮ್ಮ ಅನುಭವ ಸ್ವಲ್ಪ ಬೇರೆ, ಅದನ್ನು ಗಮನದಲ್ಲಿಟ್ಟುಕೊಂಡು ಓದಿ.

ಹೊಟ್ಟೆಯ ವಿಷಯದಲ್ಲಿ ಮೊದಲ ತಿಂಗಳು ಬಿಗಿಯಾಗಿರಿ. ಕಾಯಿಸಿ ಆರಿಸಿದ ನೀರು ಬಿಟ್ಟು ಬೇರೆ ನೀರು ಬೇಡ, ಗಾಡಿಯ ಮೇಲಿನ ಹಸಿ ಚಟ್ನಿ, ಹೆಚ್ಚಿಟ್ಟ ಹಣ್ಣು, ಕಬ್ಬಿನ ಹಾಲಿನ ಐಸು ಬೇಡ, ಮನೆಯಲ್ಲಿ ಒ.ಆರ್.ಎಸ್. ಪೊಟ್ಟಣಗಳು ಇರಲಿ. ನಿಮ್ಮೂರಿನ ಬೆಣ್ಣೆ ದೋಸೆಯಲ್ಲಿ ಖಾರ ಕಡಿಮೆ, ಕಾವಲಿಯಿಂದ ನೇರವಾಗಿ ತಟ್ಟೆಗೆ ಬರುತ್ತದೆ, ಆದ್ದರಿಂದ ಅದನ್ನು ಧೈರ್ಯವಾಗಿ ಕೊಡಿಸಿ. ಮಂಡಕ್ಕಿಯ ಜೊತೆಗಿನ ಮೆಣಸಿನಕಾಯಿ ಮಿರ್ಚಿಯನ್ನು ಎರಡನೆಯ ತಿಂಗಳಿಗೆ ಇಟ್ಟುಕೊಳ್ಳಿ. ನಮ್ಮ ಹುಡುಗನಿಗೆ ತೊಂದರೆಯಾಗಿದ್ದು ಖಾರದಿಂದಲ್ಲ, ಬೆಳಗಿನ ತಿಂಡಿಯಿಂದ. ಇಟಲಿಯಲ್ಲಿ ಬೆಳಿಗ್ಗೆ ಹಾಲು, ಕಾಫಿಯ ಜೊತೆಗೆ ಬಿಸ್ಕತ್ತೋ ಸಿಹಿ ಬನ್ನೋ ತಿಂದು ಹೊರಡುವ ರೂಢಿ. ಎಂಟು ಗಂಟೆಗೆ ಒಗ್ಗರಣೆಯ ವಾಸನೆಯ ಚಿತ್ರಾನ್ನ ಎದುರಿಗೆ ಬಂದರೆ ಅವನು ಪರೀಕ್ಷೆಗೆ ಕೂತವನಂತೆ ನೋಡುತ್ತಿದ್ದ. ಹಾಲು, ಬಾಳೆಹಣ್ಣು, ಬಿಸ್ಕತ್ತು ಕೊಟ್ಟು ತಿಂಡಿಯನ್ನು ಡಬ್ಬಿಗೆ ಹಾಕಿ ಕಳಿಸತೊಡಗಿದ ಮೇಲೆ ಹನ್ನೊಂದರ ವಿರಾಮದಲ್ಲಿ ಗೆಳೆಯರ ಜೊತೆ ತಾನಾಗಿಯೇ ತಿನ್ನುತ್ತಿದ್ದ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ, ಚಮಚದಲ್ಲಿ ಕತ್ತರಿಸಿ ಅಗಿದೇ ತಿಂದ. ನಮ್ಮ ಮನೆಯವರು ಅದನ್ನು ಅವನ ಹಕ್ಕೆಂದು ಬಿಟ್ಟುಕೊಟ್ಟರು.

ಬಾಗಿಲಿನ ವಿಷಯಕ್ಕೆ ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಒಂದು ಗಂಟೆ ಹಾಕಿಕೊಳ್ಳಲಿ, ಬೇಡವೆನ್ನುವುದಿಲ್ಲ. ಆದರೆ ಏಳರಿಂದ ಊಟದವರೆಗೆ ಎಲ್ಲರೂ ಪಡಸಾಲೆಯಲ್ಲಿ ಇರುವುದು ನಮ್ಮ ಮನೆಯ ಕ್ರಮ ಎಂದು ನಾವು ಮೊದಲೇ ತಿಳಿಸಿದ್ದೆವು. ಅವನು ಕೂತು ಪುಸ್ತಕ ಓದಲಿ, ಸುಮ್ಮನಿರಲಿ, ಆದರೆ ನಮ್ಮ ನಡುವೆ ಇರಲಿ. ನೀವು ನಡೆಸುತ್ತಿರುವುದು ಮನೆ, ಪಿ.ಜಿ. ಅಲ್ಲ. ಒಳಗಿನಿಂದ ಚಿಲಕ ಹಾಕಿಕೊಳ್ಳುವುದನ್ನಂತೂ ನಾನು ಒಪ್ಪಲಾರೆ. ಕನ್ನಡ ಕಲಿತದ್ದೂ ಪಡಸಾಲೆಯಲ್ಲಿಯೇ, ನನ್ನ ಮೊಮ್ಮಗಳ ಒಂದನೆಯ ತರಗತಿಯ ಪುಸ್ತಕದಿಂದ.

ಹೊರಗೆ ಹೋಗುವ ವಿಷಯದಲ್ಲಿ ಅಳತೆಗೋಲು ಸರಳ: ನಿಮ್ಮ ಮಗಳಿಗೆ ಏನು ನಿಯಮವೋ ಅವಳಿಗೂ ಅದೇ. ಕೆರೆಯ ಏರಿಯ ಮೇಲೆ ಸಂಜೆ ವಾಯುವಿಹಾರಕ್ಕೆ ಬರುವ ಜನ ಬೇಕಾದಷ್ಟಿರುತ್ತಾರೆ, ಕೆಲವು ದಿನ ಮಗಳೂ ಜೊತೆಗೆ ಹೋಗಲಿ, ದಾರಿಯ ಮೆಡಿಕಲ್ ಶಾಪಿನವರು, ಹಾಲಿನ ಬೂತಿನವರು ಮುಖ ಗುರುತು ಹಿಡಿಯುವಂತಾಗಲಿ. ಮನೆಯ ವಿಳಾಸ ಮತ್ತು ನಿಮ್ಮಿಬ್ಬರ ಫೋನ್ ನಂಬರುಗಳನ್ನು ಕನ್ನಡದಲ್ಲಿ ಬರೆದ ಚೀಟಿ ಆಕೆಯ ಚೀಲದಲ್ಲಿ ಸದಾ ಇರಲಿ, ಆಟೋದವರಿಗೆ ತೋರಿಸಲು ಬೇಕಾಗುತ್ತದೆ. ಕತ್ತಲಾಗುವ ಮೊದಲು ಮನೆಗೆ ಬರಬೇಕು ಎನ್ನುವಾಗ ಗಂಟೆಯನ್ನು ಹೇಳಿ. ಬೇಗ ಬಾ ಎಂದರೆ ಅವರಿಗೆ ಏನೂ ಅರ್ಥವಾಗುವುದಿಲ್ಲ.

ಜನರ ಕಾಟಕ್ಕೂ ಸಿದ್ಧರಿರಿ. ನಾವು ಹುಡುಗನನ್ನು ಕೋಟೆಗೆ ಕರೆದುಕೊಂಡು ಹೋದರೆ ಓಬವ್ವನ ಕಿಂಡಿ ತಲುಪುವಷ್ಟರಲ್ಲಿ ಸೆಲ್ಫಿ ಕೇಳುವವರ ಸಾಲೇ ನಿಲ್ಲುತ್ತಿತ್ತು. ಅವನಿಗೆ ಮೊದಮೊದಲು ಖುಷಿಯಾಗಿತ್ತು, ಆಮೇಲೆ ಬೇಸರವಾಯಿತು, ಹೇಳಲು ಸಂಕೋಚಪಟ್ಟ. ಬೇಡ ಎಂದು ಹೇಳುವ ಕೆಲಸವನ್ನು ಮನೆಯ ಹಿರಿಯರೇ ಮಾಡಬೇಕು. ಹೆಣ್ಣುಮಗುವಿನ ವಿಷಯದಲ್ಲಂತೂ ಮದುವೆಮನೆ, ಜಾತ್ರೆಗಳಲ್ಲಿ ಫೋಟೋ ತೆಗೆಯಲು ಬರುವವರನ್ನು ಮುಲಾಜಿಲ್ಲದೆ ತಡೆಯಿರಿ. ಎಷ್ಟು ಬೆಳ್ಳಗಿದ್ದಾಳೆ ಎಂದು ಅವಳೆದುರೇ ಮೈಬಣ್ಣದ ಮಾತಾಡುವ ನೆಂಟರನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ಕೊನೆಯದಾಗಿ ನಾಲ್ಕು ನಿಷೇಧಗಳು. ಮದ್ಯಪಾನ, ಮಾದಕವಸ್ತು, ವಾಹನ ಚಾಲನೆ, ಪ್ರೇಮಪ್ರಕರಣ ಈ ನಾಲ್ಕೂ ಕೂಡದು ಎಂಬುದು ರೋಟರಿಯ ವಿನಿಮಯದ ಹೆಸರಾದ ನಿಯಮ, ಬೇರೆ ಸಂಸ್ಥೆಗಳಲ್ಲೂ ಹೆಚ್ಚುಕಡಿಮೆ ಇದೇ ಇರುತ್ತದೆ. ಜರ್ಮನಿಯಲ್ಲಿ ಹದಿನಾರು ತುಂಬಿದವರು ಬಿಯರ್, ವೈನ್ ಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಆದ್ದರಿಂದ ಅವಳು ಊರಿನಲ್ಲಿ ಕುಡಿದ ಮಾತನ್ನು ಸಹಜವಾಗಿ ಹೇಳಿದರೆ ಅತ್ತೆಯವರು ಗಾಬರಿಯಾಗುವುದು ಬೇಡ, ಅದು ಅಲ್ಲಿನ ಮಾತು, ಇಲ್ಲಿ ನಿಯಮ ಬೇರೆ ಎಂದು ಅವಳಿಗೂ ತಿಳಿದಿರುತ್ತದೆ. ನಿಮ್ಮೂರಿನ ಕಾಲೇಜು ಹುಡುಗಿಯರೆಲ್ಲ ಸ್ಕೂಟಿಯಲ್ಲಿ ಓಡಾಡುವುದನ್ನು ನೋಡಿ ನಾನೂ ಒಂದು ರೌಂಡು ಹೊಡೆಯಲೇ ಎಂದು ಕೇಳಬಹುದು. ಮನೆಯ ಎದುರಿನ ಖಾಲಿ ರಸ್ತೆಯಲ್ಲೂ ಬೇಡ. ಹಿಂದೆ ಕೂತರೆ ಹೆಲ್ಮೆಟ್ ಇರಲಿ.

ಪ್ರಶ್ನೆ ಕೇಳಿದವರ ಮರುಬರಹ
ಬರೆದವರು: ವಿದ್ಯಾನಗರದ ಗೃಹಿಣಿ, ದಾವಣಗೆರೆ

ಇಬ್ಬರಿಗೂ ತುಂಬಾ ಧನ್ಯವಾದಗಳು. ಮಗಳು ಆ ಪ್ರಶ್ನೆಗಳ ಪಟ್ಟಿಯನ್ನು ಹುಡುಕಿ ಪ್ರಿಂಟ್ ತೆಗೆಸಿಕೊಂಡು ಬಂದಳು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಕೂತೆವು; ಮಗಳು ಓದುವುದು, ನಾನು ಅತ್ತೆಯವರಿಗೆ ಕನ್ನಡದಲ್ಲಿ ಹೇಳುವುದು, ಹೀಗೆ ಸಾಗಿತು.

ಸ್ನಾನದ ಪ್ರಶ್ನೆ ಬಂದಾಗ ತಿಳಿದ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಬಂದ ದಿನದಿಂದ ಆ ಹುಡುಗಿ ತಣ್ಣೀರಿನಲ್ಲೇ ಸ್ನಾನ ಮಾಡುತ್ತಿದ್ದಳಂತೆ. ನಮ್ಮದು ಸೋಲಾರ್, ತಾರಸಿಯಿಂದ ಬಿಸಿನೀರು ಕೆಳಗೆ ಇಳಿಯುವ ಮೊದಲು ಪೈಪಿನಲ್ಲಿ ನಿಂತ ತಣ್ಣೀರು ಒಂದು ಬಕೆಟ್ಟಿನಷ್ಟು ಹೋಗಬೇಕು. ನಾವು ಅದನ್ನು ಬೇರೆ ಬಕೆಟ್ಟಿಗೆ ಹಿಡಿದು ಬಟ್ಟೆಗೆ ಬಳಸುತ್ತೇವೆ. ನಲ್ಲಿ ನೀರು ದಿನವೂ ಬರುವುದಿಲ್ಲ, ಸಂಪಿನ ನೀರನ್ನು ನೋಡಿಕೊಂಡು ಖರ್ಚು ಮಾಡಬೇಕು ಎಂದು ಯಜಮಾನರು ಮೊದಲ ದಿನವೇ ಆಕೆಗೆ ಹೇಳಿದ್ದರು. ಅದನ್ನು ಮನಸ್ಸಿಗೆ ತೆಗೆದುಕೊಂಡು, ನಲ್ಲಿ ತಿರುಗಿಸಿದಾಗ ಮೊದಲು ಬಂದ ನೀರನ್ನೇ ಮೈಮೇಲೆ ಹಾಕಿಕೊಂಡು ಬರುತ್ತಿದ್ದಾಳೆ. ಮಳೆಗಾಲದ ಬೆಳಗಿನಲ್ಲಿ! ಕೇಳಬಾರದಿತ್ತೇ ಎಂದರೆ, ನೀವೆಲ್ಲ ಹೀಗೇ ಮಾಡುತ್ತೀರಿ ಎಂದುಕೊಂಡೆ ಎನ್ನುತ್ತಾಳೆ. ಅತ್ತೆಯವರಿಗೆ ಇದನ್ನು ಹೇಳಿದ ಕೂಡಲೇ ಅವರು ಎದ್ದು ಹೋಗಿ ಬಚ್ಚಲುಮನೆಯಲ್ಲಿ ಎರಡು ಬಕೆಟ್ಟುಗಳನ್ನು ಜೋಡಿಸಿಟ್ಟು, ಯಾವುದು ಮೊದಲು, ಯಾವುದು ಆಮೇಲೆ ಎಂದು ಕೈಸನ್ನೆಯಲ್ಲಿ ತೋರಿಸಿದರು. ಈಗ ಅವರನ್ನು ಅಜ್ಜಿ ಎಂದೂ ನನ್ನನ್ನು ಆಂಟಿ ಎಂದೂ ಕರೆಯುವುದೆಂದು ತೀರ್ಮಾನವಾಗಿದೆ. ತಟ್ಟೆ ತೊಳೆಯುವ ವಿಷಯದಲ್ಲಿ ಅತ್ತೆಯವರು ಇನ್ನೂ ಒಪ್ಪಿಲ್ಲ, ಒಣಗಿದ ಬಟ್ಟೆ ಮಡಚುವ ಕೆಲಸವನ್ನು ಕೊಟ್ಟಿದ್ದಾರೆ.

ಎರಡು ಸಂದೇಹಗಳು ಉಳಿದಿವೆ. ನಮ್ಮ ಮನೆಯಲ್ಲಿ ಮುಟ್ಟಿನ ದಿನಗಳಲ್ಲಿ ಹೊರಗೆ ಕೂರಿಸುವ ಪದ್ಧತಿ ಇಲ್ಲ, ಆದರೆ ದೇವರಕೋಣೆಗೆ ಹೋಗುವುದಿಲ್ಲ. ಗೌರಿ ಹಬ್ಬ, ದಸರಾ ಹತ್ತಿರ ಬರುತ್ತಿವೆ, ಇದನ್ನು ಅವಳಿಗೆ ಹೇಗೆ ಹೇಳುವುದು? ಇನ್ನೊಂದು, ಮೇಷ್ಟ್ರು ಹೇಳಿದಂತೆ ಚಿಲಕ ಹಾಕಿಕೊಳ್ಳಬೇಡ ಎಂದು ಹೇಳಬೇಕೆ?

ಉತ್ತರ 3
ಬರೆದವರು: ಹದಡಿ ರಸ್ತೆ

ಅಕ್ಕ, ಚಿಲಕದ ವಿಷಯದಲ್ಲಿ ಮೇಷ್ಟ್ರ ಮಾತನ್ನು ಗೌರವದಿಂದಲೇ ಒಪ್ಪದಿರುತ್ತೇನೆ. ಬೇರೆಯವರ ಮನೆಯಲ್ಲಿರುವ ಹೆಣ್ಣುಮಗುವಿಗೆ ಬಟ್ಟೆ ಬದಲಿಸುವಾಗ, ಮಲಗುವಾಗ ಚಿಲಕ ಹಾಕಿಕೊಳ್ಳುವ ಅವಕಾಶ ಇರಲೇಬೇಕು, ಮನೆಯವರು ಎಷ್ಟೇ ಒಳ್ಳೆಯವರಾಗಿರಲಿ. ನಿಮ್ಮ ಮನೆಗೆ ನೆಂಟರೂ, ಯಜಮಾನರ ಸ್ನೇಹಿತರೂ ಬಂದು ಹೋಗುತ್ತಿರುತ್ತಾರಲ್ಲವೇ? ಕೋಣೆಯನ್ನು ಮಗಳ ಜೊತೆ ಹಂಚಿಕೊಂಡಿದ್ದರೂ ಅವಳದೇ ಮಂಚ, ಅವಳದೇ ಒಂದು ಕಪಾಟು ಇರಲಿ. ಸ್ವಂತ ಹಾಸಿಗೆ ಕೊಡಬೇಕೆಂಬುದು ಸಂಸ್ಥೆಗಳೇ ವಿಧಿಸುವ ಷರತ್ತು. ಏಳರಿಂದ ಊಟದವರೆಗೆ ಎಲ್ಲರೂ ಒಟ್ಟಿಗೆ ಕೂರುವ ಕ್ರಮ ಮಾತ್ರ ನನಗೆ ಬಹಳ ಹಿಡಿಸಿತು, ಅದನ್ನು ಇಟ್ಟುಕೊಳ್ಳಿ.

ಮುಟ್ಟಿನ ವಿಷಯವನ್ನು ಮಗಳ ಮೂಲಕ ಹೇಳಿಸಬೇಡಿ, ನೀವೇ ಹೇಳಿ, ಹಬ್ಬಕ್ಕೆ ಮೊದಲೇ ಹೇಳಿ. ನಮ್ಮ ಮನೆಯ ರೂಢಿ ಹೀಗಿದೆ, ಆ ದಿನಗಳಲ್ಲಿ ನಾನೂ ನಿನ್ನ ಅಕ್ಕನೂ ದೇವರಕೋಣೆಗೆ ಹೋಗುವುದಿಲ್ಲ, ನೀನೂ ಹಾಗೇ ಮಾಡಿದರೆ ಅಜ್ಜಿಗೆ ಸಮಾಧಾನ ಎಂದಷ್ಟೇ ಹೇಳಿದರೆ ಸಾಕು, ಶಾಸ್ತ್ರದ ವಿವರಣೆ ಬೇಡ. ಅವಳು ಯಾಕೆ ಎಂದು ಕೇಳಬಹುದು, ಅದು ಅವಿಧೇಯತೆಯಲ್ಲ. ಅಲ್ಲಿ ಮಕ್ಕಳು ಮೇಷ್ಟ್ರನ್ನೂ ಹಾಗೇ ಕೇಳುತ್ತಾರೆ. ಒಪ್ಪಲು ಕಷ್ಟವೆಂದರೆ, ಹಬ್ಬದ ದಿನ ಪಡಸಾಲೆಯಲ್ಲಿ ಕೂತು ಹೂ ಕಟ್ಟುವುದಕ್ಕೋ ರಂಗೋಲಿಗೋ ಕರೆಯಿರಿ, ಅವಳ ದಿನಗಳನ್ನು ಲೆಕ್ಕ ಇಡಲು ಯಾರೂ ಹೋಗಬೇಡಿ. ಇದೇ ಮಾತಿನ ಜೊತೆಗೆ, ಪ್ಯಾಡನ್ನು ಕಾಗದದಲ್ಲಿ ಸುತ್ತಿ ಯಾವ ಡಬ್ಬಿಗೆ ಹಾಕಬೇಕು, ಟಾಯ್ಲೆಟ್ಟಿನಲ್ಲಿ ಕಾಗದ ಹಾಕಿದರೆ ಪೈಪು ಕಟ್ಟಿಕೊಳ್ಳುತ್ತದೆ ಎಂಬುದನ್ನೂ ತಿಳಿಸಿಬಿಡಿ. ಅಲ್ಲಿ ಕಾಗದವನ್ನು ಕಮೋಡಿಗೇ ಹಾಕುವುದು ರೂಢಿ, ಆದ್ದರಿಂದ ಯಾರಾದರೂ ಹೇಳುವವರೆಗೆ ಅವಳಿಗೆ ಹೊಳೆಯುವುದಿಲ್ಲ.

ಉತ್ತರ 4
ಬರೆದವರು: ಹರಿಹರದಿಂದ

ಇಷ್ಟೊಂದು ಮಾತಿನ ನಡುವೆ ಕಾಗದಪತ್ರದ ವಿಷಯವನ್ನು ಯಾರೂ ಎತ್ತಲಿಲ್ಲವಾದ್ದರಿಂದ ಸಂಕ್ಷಿಪ್ತವಾಗಿ ಹೇಳುತ್ತೇನೆ. ವಿದೇಶಿಯರನ್ನು ಮನೆಯಲ್ಲಿ ಉಳಿಸಿಕೊಂಡವರು, ಹೋಟೆಲಿನವರಂತೆಯೇ, ಅವರು ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಸಲ್ಲಿಸಬೇಕು. ಇದನ್ನೇ ಜನ ಸಿ ಫಾರಂ ಎನ್ನುವುದು. ವಿದ್ಯಾರ್ಥಿ ವೀಸಾ 180 ದಿನಗಳಿಗಿಂತ ಹೆಚ್ಚಿನದಾಗಿದ್ದರೆ ಬಂದ 14 ದಿನಗಳೊಳಗೆ ನೋಂದಣಿಯೂ ಆಗಬೇಕು. 2018ರಿಂದ ಇದಕ್ಕೆ ಇ-ಎಫ್‌ಆರ್‌ಆರ್‌ಒ ಎಂಬ ಆನ್‌ಲೈನ್ ವ್ಯವಸ್ಥೆ ಇದೆ, ಜಿಲ್ಲೆಯಲ್ಲಿ ಇದನ್ನು ನೋಡಿಕೊಳ್ಳುವುದು ಎಸ್.ಪಿ. ಕಚೇರಿ. ಸಂಸ್ಥೆಯವರು ಈಗಾಗಲೇ ಮಾಡಿಸಿರಬಹುದು, ಆದರೂ ಸ್ವೀಕೃತಿಯ ಪ್ರತಿಯೊಂದನ್ನು ಕೇಳಿ ಪಡೆದು ಮನೆಯಲ್ಲಿ ಇಟ್ಟುಕೊಳ್ಳಿ. ಕೆಲವು ತಿಂಗಳ ನಂತರ ಅವಳು ಎರಡನೆಯ ಮನೆಗೆ ಹೋದಾಗ ಆ ಮನೆಯವರೂ ಮಾಹಿತಿ ಸಲ್ಲಿಸಬೇಕು, ವಿಳಾಸ ಬದಲಾವಣೆಯನ್ನೂ ತಿಳಿಸಬೇಕು.

ವಿಮೆಯ ಕಾರ್ಡು ಮತ್ತು ತಂದೆ, ತಾಯಿ ಸಹಿ ಮಾಡಿದ ವೈದ್ಯಕೀಯ ಒಪ್ಪಿಗೆಪತ್ರದ ಪ್ರತಿ ನಿಮ್ಮ ಕೈಯಲ್ಲಿರಲಿ, ರಾತ್ರಿ ಹೊತ್ತು ಆಸ್ಪತ್ರೆಗೆ ಓಡುವಾಗ ಸಂಯೋಜಕರ ಫೋನು ಸಿಗದಿರಬಹುದು. ದಸರಾ ರಜೆಯಲ್ಲಿ ಹಂಪಿಗೋ ಬೇರೆಲ್ಲಿಗೋ ಕರೆದುಕೊಂಡು ಹೋಗುವುದಾದರೆ ಸಂಸ್ಥೆಯ ಲಿಖಿತ ಅನುಮತಿಯನ್ನು ಮೊದಲೇ ಪಡೆಯಿರಿ. ಪಾಸ್‌ಪೋರ್ಟ್ ಮತ್ತು ವೀಸಾ ಜೊತೆಗಿರಬೇಕು, ಹೋಟೆಲಿನವರು ತಮ್ಮ ಸಿ ಫಾರಂಗೆ ಕೇಳಿಯೇ ಕೇಳುತ್ತಾರೆ. ಸ್ಮಾರಕಗಳಲ್ಲಿ ವಿದೇಶಿಯರಿಗೆ ಟಿಕೆಟ್ ದರ ಬೇರೆ ಇರುವುದನ್ನೂ ಅವಳಿಗೆ ಮೊದಲೇ ಹೇಳಿಡಿ.